ಶಾಕಲ್ಟನ್ ದಾಟಿದ ದ್ವೀಪದಲ್ಲಿ ಸ್ಕೀ ಕಟ್ಟಿಕೊಂಡು

ಅಂಟಾರ್ಕ್ಟಿಕ್ ಅನ್ವೇಷಕ ಅರ್ನೆಸ್ಟ್ ಶಾಕಲ್ಟನ್, ಹಡಗು ಹಿಮದಲ್ಲಿ ಸಿಕ್ಕಿ ಮುಳುಗಿದ ಮೇಲೆ ಸಹಾಯ ಹುಡುಕಿಕೊಂಡು, ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪವನ್ನು ನಡೆದು ದಾಟಿದ್ದು 1916ರ ಮೇ ತಿಂಗಳಲ್ಲಿ. ಜೊತೆಗಿದ್ದವರು ಫ್ರಾಂಕ್ ವರ್ಸ್ಲಿ ಮತ್ತು ಟಾಮ್ ಕ್ರೀನ್. ಅವರ ಹತ್ತಿರ ಇದ್ದದ್ದು ಸುಮಾರು 15 ಮೀಟರ್ ಹಗ್ಗ, ಬಡಗಿಯ ಬಾಚಿ, ಒಂದು ಪ್ರೈಮಸ್ ಸ್ಟವ್. ಬೂಟಿನ ಅಡಿಗೆ ದೋಣಿಯಿಂದ ಕಿತ್ತ ಸ್ಕ್ರೂಗಳು. ಟೆಂಟ್ ಇಲ್ಲ, ಒಳನಾಡಿನ ನಕಾಶೆಯೂ ಇಲ್ಲ. 36 ಗಂಟೆಗಳಲ್ಲಿ ಸ್ಟ್ರಾಮ್‌ನೆಸ್‌ನ ತಿಮಿಂಗಿಲ ಬೇಟೆಗಾರರ ನೆಲೆ ಮುಟ್ಟಿದರು. ಅದೇ ದಾರಿಯಲ್ಲಿ ಹೋಗುವ ಸ್ಕೀ ತಂಡವೊಂದನ್ನು ನಾನು ಸೇರಿದೆ. ಸೇರುವುದು ಹೇಗೆ ಅಂತ ಜನ ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ದುಡ್ಡು ಕಟ್ಟಿದರೆ ಮುಗಿಯಲಿಲ್ಲ. ಹಿಮನದಿಯ ಮೇಲೆ ಹಗ್ಗ ಕಟ್ಟಿಕೊಂಡು ನಡೆದಿದ್ದೀರಾ, ಬಿರುಕಿಗೆ ಬಿದ್ದವರನ್ನು ಮೇಲೆತ್ತಲು ಬರುತ್ತಾ ಅಂತ ಮೊದಲೇ ಕೇಳಿದರು. ಮನಾಲಿಯಲ್ಲಿ ಮಾಡಿದ್ದ ಪರ್ವತಾರೋಹಣ ಕೋರ್ಸ್ ಇಲ್ಲಿ ಕೈಹಿಡಿಯಿತು. ಸ್ಕೀ ಮಾತ್ರ ನಾರ್ವೆಗೆ ಹೋಗಿ ಕಲಿತೆ. ಸಾಮಾನು ಹೇರಿದ ಜಾರುಬಂಡಿ (ಸ್ಲೆಡ್ಜ್) ಎಳೆಯಲು ಬೇಕಾದ ಶಕ್ತಿಗೆ ಸೊಂಟಕ್ಕೆ ಹಳೇ ಟೈರ್ ಕಟ್ಟಿಕೊಂಡು ಮಣ್ಣುರಸ್ತೆಯಲ್ಲಿ ನಡೆದೆ. ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ದ್ವೀಪದಲ್ಲಿ ಇಳಿಯುವ ಮುಂಚೆ ಬಟ್ಟೆ, ಬೂಟು ಎಲ್ಲದರ ತಪಾಸಣೆ. ವೆಲ್ಕ್ರೋದಲ್ಲಿ ಸಿಕ್ಕಿಕೊಂಡ ಹುಲ್ಲಿನ ಬೀಜವನ್ನೂ ಚಿಮ್ಮಟದಿಂದ ತೆಗೆಯಬೇಕು. 2018ರಲ್ಲಷ್ಟೇ ಆ ದ್ವೀಪ ಇಲಿಗಳಿಂದ ಮುಕ್ತ ಅಂತ ಘೋಷಣೆಯಾಯಿತು. ಹೊರಗಿನ ಜೀವಿ, ಬೀಜ ಮತ್ತೆ ಒಳಗೆ ಬರಬಾರದು ಅಂದರೆ ಇಷ್ಟು ಕಟ್ಟುನಿಟ್ಟು ಇರಲೇಬೇಕು.

ಕಿಂಗ್ ಹಾಕನ್ ಕೊಲ್ಲಿಯಿಂದ ಹೊರಟ ಮೇಲೆ ಮೊದಲ ಏರು ಸಲೀಸು. ಕಷ್ಟ ಶುರುವಾಗುವುದು ಟ್ರೈಡೆಂಟ್ ಅನ್ನುವ ಬೆಟ್ಟಸಾಲಿನಲ್ಲಿ. ಅಲ್ಲಿ ಶಾಕಲ್ಟನ್ ಮೂರು ಕಡೆ ಹತ್ತಿ, ಆಚೆ ಇಳಿಯಲು ದಾರಿ ಕಾಣದೆ ವಾಪಸ್ ಬಂದಿದ್ದರು. ನಾಲ್ಕನೇ ಕಡೆ ಹತ್ತುವಾಗ ಕತ್ತಲಾಗುತ್ತಿತ್ತು, ಹಿಂದಿನಿಂದ ಮಂಜು ಮುಚ್ಚಿಕೊಂಡು ಬರುತ್ತಿತ್ತು. ಮೇಲೇ ಉಳಿದರೆ ಚಳಿಗೆ ಸಾವು. ಹಗ್ಗವನ್ನು ಚಕ್ಕುಲಿ ಹಾಗೆ ಸುತ್ತಿ, ಅದರ ಮೇಲೆ ಒಬ್ಬರ ಹಿಂದೆ ಒಬ್ಬರು ಕೂತು, ಮೂವರೂ ಕತ್ತಲೊಳಕ್ಕೆ ಜಾರಿಬಿಟ್ಟರು.

ನಾವು ಅಲ್ಲಿ ನಿಂತಾಗ ಹಗಲು. ಆದರೂ ಇಳಿಜಾರು ನಡುವೆ ಬಾಗುವುದರಿಂದ ಬುಡ ಕಾಣಲಿಲ್ಲ. ಹಗ್ಗ ಕಟ್ಟಲು ಹಿಮದಲ್ಲಿ ಆಂಕರ್ ಹೂತು, ಮೊದಲು ಜಾರುಬಂಡಿಗಳನ್ನು ಹಗ್ಗದಲ್ಲಿ ಇಳಿಸಿ, ಆಮೇಲೆ ಒಬ್ಬೊಬ್ಬರಾಗಿ ಇಳಿದೆವು. ಆ ಮೂವರು ಕೆಲವೇ ನಿಮಿಷದಲ್ಲಿ ಇಳಿದ ಕಡೆ ನಮಗೆ ಗಂಟೆಗಟ್ಟಲೆ ಬೇಕಾಯಿತು. ಅದನ್ನು ಹುಚ್ಚು ಧೈರ್ಯ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ದೂರದ ಎಲಿಫೆಂಟ್ ದ್ವೀಪದಲ್ಲಿ ಅವರ ತಂಡದ 22 ಜನ ಇವರನ್ನೇ ನಂಬಿ ಕೂತಿದ್ದರು. ಇವರು ಸತ್ತರೆ ಅವರಿಗೆ ಸಹಾಯ ಸಿಗುವ ಆಸೆ ತೀರಾ ಕಡಿಮೆ, ಅಲ್ವಾ?

ಕ್ರೀನ್ ಹಿಮನದಿ, ಫಾರ್ಚುನಾ ಕೊಲ್ಲಿ ದಾಟಿ ಸ್ಟ್ರಾಮ್‌ನೆಸ್ ಕಡೆ ಇಳಿದೆವು. ಹಳೇ ಕಟ್ಟಡಗಳಲ್ಲಿ ಆಸ್‌ಬೆಸ್ಟಾಸ್ ಇರುವುದರಿಂದ ಹತ್ತಿರ ಬಿಡುವುದಿಲ್ಲ, ದೂರದಿಂದಲೇ ನೋಡಬೇಕು.

ಹೋಗಬೇಕೆನ್ನುವವರು ತಂಡದವರನ್ನು ಒಂದು ವಿಷಯ ಮೊದಲೇ ಕೇಳಿ: ಗಾಳಿ ಎದ್ದರೆ ಟೆಂಟ್‌ನಲ್ಲೇ ಕೂರಲು ಎಷ್ಟು ದಿನ ಹೆಚ್ಚುವರಿ ಇಟ್ಟಿದ್ದೀರಿ? ಅಲ್ಲಿ ವಿಮಾನ ಇಳಿಯುವ ಜಾಗವಿಲ್ಲ. ಕಾಲು ಮುರಿದರೂ ಹಡಗಿನಲ್ಲೇ ಫಾಕ್‌ಲ್ಯಾಂಡ್ಸ್‌ಗೆ ಸಾಗಿಸಬೇಕು, ಅದಕ್ಕೆ ಕೆಲವು ದಿನ ಹಿಡಿಯುತ್ತದೆ.