ಬಕೆಟ್ ಆಮೇಲೆ, ದರಗಿನ ಶೆಡ್ ಮೊದಲು: ಕ್ಯಾಂಪಸ್ ಕಸದ ಜೊತೆ ನನ್ನ ಅನುಭವ

ನಮ್ಮ ಕಾಲೇಜಿನಲ್ಲೂ ಕಸ ನಿರ್ವಹಣೆ ಶುರು ಮಾಡಬೇಕು, ಏನು ಮಾಡೋಣ ಎಂದು ಮಲೆನಾಡಿನ ಕಡೆಯ ಮೇಷ್ಟ್ರುಗಳು ಆಗಾಗ ಕೇಳುತ್ತಾರೆ. ಹಸಿರು, ನೀಲಿ ಬಕೆಟ್ ಆಮೇಲೆ ಕೊಳ್ಳಿ ಎನ್ನುತ್ತೇನೆ. ಮೊದಲು ಒಂದು ತಗಡಿನ ಶೆಡ್ ಹಾಕಿಸಿ, ಮಳೆ ಹಿಡಿಯುವುದರೊಳಗೆ ಅದರ ತುಂಬ ದರಗು, ಅಂದರೆ ಉದುರಿದ ಒಣ ಎಲೆ, ತುಂಬಿಸಿ. ಅರ್ಧ ಜನ ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ನಾನು ಪಾಠ ಮಾಡುವುದು ವಾಣಿಜ್ಯ. ಕಸಕ್ಕೂ ನನಗೂ ಸಂಬಂಧವಿರಲಿಲ್ಲ. ಶಿವಮೊಗ್ಗ ಜಿಲ್ಲೆಯ ನಮ್ಮ ಕ್ಯಾಂಪಸ್ಸಿಗೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ ಒಂದರ ಮೇಲೊಂದು ಸಮಿತಿ ಆದವು. ಹಾಸ್ಟೆಲ್ ವಾರ್ಡನ್ ಆಗಿದ್ದೆ ಎಂಬ ಒಂದೇ ಕಾರಣಕ್ಕೆ ಕಸದ ಸಮಿತಿ ನನ್ನ ತಲೆಗೆ ಬಂತು. ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿರ್ವಹಣೆ ನಿಯಮ ತೆಗೆದು ಓದಿದೆ. ದಿನಕ್ಕೆ ಸರಾಸರಿ 100 ಕಿಲೋ ಮೀರಿ ಕಸ ಬರುವ ಸಂಸ್ಥೆ ಅದರ ಪ್ರಕಾರ ದೊಡ್ಡ ಪ್ರಮಾಣದ ಕಸ ಉತ್ಪಾದಕ. ಆವರಣ 5000 ಚದರ ಮೀಟರ್‌ಗಿಂತ ದೊಡ್ಡದಿದ್ದರೆ ಹಸಿಕಸವನ್ನು ಆದಷ್ಟೂ ಒಳಗೇ ಗೊಬ್ಬರ ಮಾಡಬೇಕು ಎಂದಿತ್ತು. ಕಸ ಸುಡುವಂತಿಲ್ಲ. ನಮ್ಮಲ್ಲಿ ಹಾಸ್ಟೆಲ್, ಮೆಸ್, ಕ್ಯಾಂಟೀನ್ ಎಲ್ಲ ಇವೆ. ತಕ್ಕಡಿ ತರುವ ಮೊದಲೇ ಉತ್ತರ ಗೊತ್ತಿತ್ತು.

ಸುಡುವಂತಿಲ್ಲ ಎನ್ನುವುದೇ ಮೊದಲ ತಲೆಬಿಸಿ ಆಯಿತು. ಡಿಸೆಂಬರ್ ಕಳೆಯುತ್ತಿದ್ದಂತೆ ನಮ್ಮಲ್ಲಿ ಎಲೆ ಉದುರಲು ಶುರು. ತೇಗ, ಮತ್ತಿ, ಅಕೇಶಿಯಾ. ಬೆಳಿಗ್ಗೆ ಗುಡಿಸಿದ್ದಕ್ಕೆ ಅಲ್ಲಲ್ಲೇ ಕಡ್ಡಿ ಗೀರುವುದು ಹಿಂದಿನಿಂದ ನಡೆದು ಬಂದ ಪದ್ಧತಿ. ಸುಡಬೇಡಿ ಎಂದರೆ ಗುಡ್ಡೆಗಟ್ಟಲೆ ಎಲೆ ಎಲ್ಲಿ ಹಾಕುವುದು? ನಮ್ಮ ಗುಡಿಸುವ ಹೆಂಗಸರಲ್ಲಿ ಒಬ್ಬರು ತೀರ್ಥಹಳ್ಳಿ ಕಡೆಯವರು. "ಸುಡೋಕೆ ಇದೇನು ಕಸವಾ ಸಾರ್, ನಮ್ಮೂರಲ್ಲಿ ದರಗು ಗುಡಿಸೋಕೆ ಗುಡ್ಡಕ್ಕೆ ಹೋಗ್ತೀವಿ" ಎಂದರು. ಹೌದಲ್ವಾ! ಮಲೆನಾಡಿನ ಮನೆಗಳಲ್ಲಿ ಬೇಸಿಗೆಯಲ್ಲಿ ದರಗು ತಂದು ಕೂಡಿಡುತ್ತಾರೆ. ಮಳೆಗಾಲ ಪೂರ್ತಿ ಅದನ್ನು ಕೊಟ್ಟಿಗೆಗೆ ಹಾಸುತ್ತಾರೆ. ಸಗಣಿ, ಗಂಜಲ ಹೀರಿಕೊಂಡು ಅದೇ ಗೊಬ್ಬರವಾಗಿ ಅಡಿಕೆ ತೋಟ ಸೇರುತ್ತದೆ. ಮೆಸ್ಸಿನ ಹಸಿಕಸಕ್ಕೆ ಬೇಕಾದದ್ದೂ ಅದೇ.

ಇದರ ಹಿಂದಿನ ಲೆಕ್ಕ ಕಷ್ಟದ್ದಲ್ಲ. ಅನ್ನ, ಸಾರು, ತರಕಾರಿ ಸಿಪ್ಪೆಯಲ್ಲಿ ನೀರು ಜಾಸ್ತಿ, ಸಾರಜನಕ ಜಾಸ್ತಿ. ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಸಿಕ್ಕರೆ ಗೊಬ್ಬರ ಚೆನ್ನಾಗಿ ಆಗುತ್ತದೆ. ಬರೀ ಅನ್ನ ಸುರಿದರೆ ಅದು ಮುದ್ದೆ ಕಟ್ಟುತ್ತದೆ, ಗಾಳಿ ಆಡುವುದಿಲ್ಲ, ನಾರುತ್ತದೆ. ನಾವು ಇಂಗಾಲ ಅಳೆಯಲು ಹೋಗಲಿಲ್ಲ. ಒಂದು ಬುಟ್ಟಿ ಮೆಸ್ ಕಸಕ್ಕೆ ಎರಡು ಬುಟ್ಟಿ ದರಗು, ನಡುನಡುವೆ ಸ್ವಲ್ಪ ಸಗಣಿ ನೀರು. ಅಷ್ಟೇ.

ಎಲೆಯಲ್ಲೂ ಜಾತಿ ಇದೆ. ಮತ್ತಿ ಎಲೆ ಬೇಗ ಕರಗುತ್ತದೆ. ತೇಗದ ಎಲೆ ಅಗಲ, ಒಂದರ ಮೇಲೊಂದು ಮಲಗಿ ಗಾಳಿ ತಡೆಯುತ್ತದೆ. ಅಕೇಶಿಯಾ ಎಲೆ ಚರ್ಮದ ಹಾಗೆ, ಬೇಗ ಕರಗುವುದೇ ಇಲ್ಲ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಕೊಟ್ಟು ತುಂಡು ಮಾಡಿದ ಮೇಲೆ ಎರಡೂ ದಾರಿಗೆ ಬಂದವು. ಗೊಬ್ಬರದ ಗೂಡುಗಳನ್ನು ಇಟ್ಟಿಗೆಯಲ್ಲಿ ಕಟ್ಟಿಸಿ ನಡುವೆ ಕಿಂಡಿ ಬಿಟ್ಟಿದ್ದೇವೆ. ಗುಂಡಿ ತೋಡಿಸಿ ಎಂದು ಎಂಜಿನಿಯರ್ ವಿಭಾಗದವರು ಹೇಳಿದ್ದರು. ನಾನು ಒಪ್ಪಲಿಲ್ಲ. ಜುಲೈನಲ್ಲಿ ನಮ್ಮಲ್ಲಿ ಗುಂಡಿ ತೋಡಿದರೆ ಅದು ಬಾವಿ.

ಗೂಡು ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು ಒಂದು ಕಬ್ಬಿಣದ ಸರಳು ಸಾಕು. ನಡುವಿಗೆ ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆಗೆದು ಮುಟ್ಟಬೇಕು. ಕೈ ಇಡಲಾಗದಷ್ಟು ಬಿಸಿ ಇದ್ದರೆ ಸರಿಯಾಗಿ ನಡೆದಿದೆ. 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ರೋಗಾಣು, ಕಳೆ ಬೀಜ ಬಹುಪಾಲು ಸಾಯುತ್ತವೆ. ಸರಳು ತಣ್ಣಗಿದ್ದು, ತುದಿಗೆ ಲೋಳೆ ಅಂಟಿ ಹುಳಿ ವಾಸನೆ ಬಂದರೆ ನೀರು ಜಾಸ್ತಿ ಆಗಿದೆ. ಆಗ ದರಗು ಸೇರಿಸಿ ತಿರುವಿ ಹಾಕಬೇಕು. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆ ಇಳಿಯಬಾರದು. ಈ ಪರೀಕ್ಷೆ ನಮ್ಮ ಹೆಂಗಸರಿಗೆ ನನಗಿಂತ ಚೆನ್ನಾಗಿ ಬರುತ್ತದೆ.

ಶೆಡ್ಡಿನ ಬೆಲೆ ತಿಳಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗ ಹೊರಗೆ ಒಂದು ಒಣ ಎಲೆ ಸಿಗುವುದಿಲ್ಲ, ಮೆಸ್ ಕಸ ಮಾತ್ರ ದಿನಾ ಬರುತ್ತದೆ. ಕೂಡಿಟ್ಟ ದರಗು ಮುಗಿದರೆ ಇಡೀ ವ್ಯವಸ್ಥೆ ಮುಗಿಯಿತು. ಅದಕ್ಕೇ ಮೇ ತಿಂಗಳಲ್ಲಿ ನಾನು ಪರೀಕ್ಷೆ ಕೆಲಸಕ್ಕಿಂತ ಶೆಡ್ಡಿನ ಕಡೆ ಜಾಸ್ತಿ ಓಡಾಡುತ್ತೇನೆ. ಮರದ ಪುಡಿ, ಒಣ ಅಡಿಕೆ ಸಿಪ್ಪೆಯೂ ನಡೆಯುತ್ತವೆ, ಆದರೆ ಸಿಪ್ಪೆ ಕರಗಲು ಬಹಳ ಕಾಲ ಬೇಕು.

ಜಾಥಾ, ಭಿತ್ತಿಪತ್ರ, ಪ್ರತಿಜ್ಞೆ ಎಲ್ಲ ಎನ್‌ಎಸ್‌ಎಸ್ ಮಕ್ಕಳು ಮಾಡಿದರು. ಬೇಡ ಎನ್ನುವುದಿಲ್ಲ. ಆದರೆ ಕಸ ಬೇರೆಯಾಗುವುದು ತಟ್ಟೆ ತೊಳೆಯುವ ಜಾಗದಲ್ಲಿ. ಅಲ್ಲಿ ನಿಲ್ಲುವವರು ಮೆಸ್ ಸಿಬ್ಬಂದಿ. ಅವರಿಗೆ ಕೈಗವಸು, ಸೊಂಟ ಬಗ್ಗಿಸದೆ ಸುರಿಯುವ ಎತ್ತರಕ್ಕೆ ಡ್ರಮ್ಮು, ಮಂಗ ತೆಗೆಯಲಾಗದ ಚಿಲಕದ ಮುಚ್ಚಳ, ಇಷ್ಟು ಕೊಟ್ಟ ಮೇಲೆ ಭಾಷಣ ಬೇಕಾಗಲಿಲ್ಲ. ತಟ್ಟೆಯಲ್ಲಿ ಬಿಟ್ಟ ಅನ್ನದ ತೂಕವನ್ನು ದಿನಾ ಬೋರ್ಡಿನ ಮೇಲೆ ಬರೆಯಲು ಶುರು ಮಾಡಿದೆವು. ಹುಡುಗರು ಮೊದಲು ನಕ್ಕರು, ಆಮೇಲೆ ಆ ಹಾಸ್ಟೆಲ್‌ಗೆ ಎಷ್ಟು, ಈ ಹಾಸ್ಟೆಲ್‌ಗೆ ಎಷ್ಟು ಎಂದು ನೋಡತೊಡಗಿದರು.

ಒಣಕಸದಲ್ಲಿ ದುಡ್ಡಿದೆ, ಆದರೆ ಒಣಗಿದ್ದರೆ ಮಾತ್ರ. ನಂದಿನಿ ಹಾಲಿನ ಕವರ್ ಒಳ್ಳೆಯ ಪ್ಲಾಸ್ಟಿಕ್. ನೀರಲ್ಲಿ ಜಾಲಾಡಿ ತಂತಿಗೆ ಸಿಕ್ಕಿಸಿದರೆ ಗುಜರಿಯವರು ಖುಷಿಯಿಂದ ಒಯ್ಯುತ್ತಾರೆ. ಹಾಲು ಅಂಟಿದ್ದರೆ ಮೂಸಿಯೂ ನೋಡುವುದಿಲ್ಲ. ರಟ್ಟು, ಕಾಗದಕ್ಕೆ ಮಳೆಗಾಲದಲ್ಲಿ ತೇವ ಎಂದು ತೂಕ ಕಳೆಯುತ್ತಾರೆ, ಮುಗ್ಗಲು ಹಿಡಿದರೆ ಬೇಡವೇ ಬೇಡ. ಹಾಗಾಗಿ ವರ್ಷದ ರದ್ದಿ ಮೇ ಒಳಗೆ ಹೊರಗೆ ಹೋಗಬೇಕು. ಉಳಿದದ್ದು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ.

ಉತ್ತರ ಪತ್ರಿಕೆ ಮಾತ್ರ ರದ್ದಿ ಅಲ್ಲ. ಅವಧಿ ಮುಗಿದ ಮೇಲೆ ಸಮಿತಿ ಎದುರು ಚೂರು ಮಾಡಿಯೇ ಕೊಡಬೇಕು. ಹಳೇ ಕಂಪ್ಯೂಟರ್ ಇನ್ನೂ ರಗಳೆ. ದಾಸ್ತಾನು ಪುಸ್ತಕದಿಂದ ತೆಗೆದುಹಾಕುವವರೆಗೆ ಅದು ಕಸವೇ ಅಲ್ಲ, ಆಸ್ತಿ! ತೆಗೆದ ಮೇಲೂ ಗುಜರಿಗೆ ಹರಾಜು ಹಾಕುವಂತಿಲ್ಲ, ನೋಂದಾಯಿತ ಮರುಬಳಕೆದಾರರಿಗೇ ಕೊಡಬೇಕು. ಟ್ಯೂಬ್‌ಲೈಟಿನಲ್ಲಿ ಪಾದರಸ ಇರುವುದರಿಂದ ಅದನ್ನು ಒಡೆಯದೆ ಬಂದ ರಟ್ಟಿನಲ್ಲೇ ಎತ್ತಿಡುತ್ತೇವೆ. ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಬೇರೆ ಡಬ್ಬಕ್ಕೆ ಹಾಕುವ ಕ್ರಮವನ್ನು ಹುಡುಗಿಯರ ಹಾಸ್ಟೆಲ್‌ನವರೇ ಕೂತು ಮಾಡಿಕೊಂಡರು, ನಾನು ತಲೆ ಹಾಕಲಿಲ್ಲ.

ವಾಣಿಜ್ಯದ ಮೇಷ್ಟ್ರು ಉಪಯೋಗಕ್ಕೆ ಬಂದದ್ದು ಒಂದೇ ಕಡೆ. ರದ್ದಿ ಮಾರಿದ ದುಡ್ಡು ಸಾಮಾನ್ಯ ಖಾತೆಗೆ ಹೋದರೆ ಮತ್ತೆ ಒಂದು ಜೊತೆ ಕೈಗವಸಿಗೂ ಕಡತ ಓಡಿಸಬೇಕು. ಅದಕ್ಕೆ ಬೇರೆ ಲೆಕ್ಕಶೀರ್ಷಿಕೆ ಮಾಡಿಸಿಕೊಂಡೆ. ಗೊಬ್ಬರ ಮಾರಿದ್ದೂ ಅಲ್ಲಿಗೇ. ದೊಡ್ಡ ಮೊತ್ತವೇನಲ್ಲ, ಆದರೆ ಗಮ್‌ಬೂಟು, ರೇನ್‌ಕೋಟಿಗೆ ಯಾರನ್ನೂ ಕೇಳಬೇಕಿಲ್ಲ.

ಚಿಪ್ಸ್, ಬಿಸ್ಕತ್ತಿನ ಪ್ಯಾಕೆಟ್ಟಿಗೆ ಮಾತ್ರ ಗಿರಾಕಿ ಇಲ್ಲ. ಪ್ಲಾಸ್ಟಿಕ್ಕಿನ ಜೊತೆ ಲೋಹದ ಪದರ ಸೇರಿರುವುದರಿಂದ ಮರುಬಳಕೆ ಕಷ್ಟ, ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಕಳಿಸುವುದುಂಟು. ನಾವೇ ಅಲ್ಲಿಗೆ ಕಳಿಸುವಷ್ಟು ರಾಶಿ ನಮ್ಮಲ್ಲಿ ಬೀಳುವುದಿಲ್ಲ. ಪಕ್ಕದ ಗ್ರಾಮ ಪಂಚಾಯ್ತಿಯ ಸ್ವಚ್ಛ ಸಂಕೀರ್ಣ, ಅಂದರೆ ಒಣಕಸ ವಿಂಗಡಿಸುವ ಘಟಕ, ನಡೆಸುವ ಸಂಘದ ಹೆಂಗಸರ ಹತ್ತಿರ ಮಾತಾಡಿದೆ. ಸುಮ್ನೆ ತಂದು ಸುರಿಯಬೇಡಿ, ಒಣಗಿರಬೇಕು, ಒಳಗೆ ಬೇರೇನೂ ತುರುಕಿರಬಾರದು, ಚೀಲದ ಬಾಯಿ ಕಟ್ಟಿರಬೇಕು ಎಂದರು. ಅವರ ಗಾಡಿ ಬರುವ ದಿನ ಅಷ್ಟೂ ನೋಡಿಯೇ ಚೀಲ ಏರಿಸಿಕೊಳ್ಳುತ್ತಾರೆ. ಕಳೆದ ಸಲ ಕ್ಯಾಂಟೀನಿನ ಚೀಲವೊಂದನ್ನು ಬಿಚ್ಚಿ ನೋಡಿ ವಾಪಸ್ ಇಳಿಸಿ ಹೋದರು.