ಮೃಗಶಿರಾ ನಕ್ಷತ್ರದ ಸುತ್ತ ಒಂದು ಗುಳ್ಳೆ: ಹುಡುಕುವುದು, ಓದುವುದು ಹೇಗೆ?

ಮಂಡ್ಯದ ರೈತರಿಗೆ ಮೃಗಶಿರಾ ಅಂದರೆ ಜೂನ್ ತಿಂಗಳ ಮಳೆ. ರೋಹಿಣಿ ಮುಗಿದ ಮೇಲೆ, ಆರಿದ್ರಾಕ್ಕೆ ಮೊದಲು ಬರುವುದು. ಆ ದಿನಗಳಲ್ಲಿ ಸೂರ್ಯ ಅದೇ ನಕ್ಷತ್ರದ ದಿಕ್ಕಿನಲ್ಲಿ ಇರುತ್ತಾನೆ. ಹಾಗಾಗಿ ಮಳೆಯ ಹೊತ್ತಿನಲ್ಲಿ ನಕ್ಷತ್ರವೇ ಕಾಣುವುದಿಲ್ಲ. ಅದನ್ನು ನೋಡಬೇಕಾದರೆ ಸಂಕ್ರಾಂತಿ ಕಳೆದ ಮೇಲಿನ ರಾತ್ರಿಗಳೇ ಸರಿ.

ನೋಡಲೇಬೇಕು ಅನ್ನುವುದಕ್ಕೆ ಕಾರಣ ಇದೆ. ಈ ನಕ್ಷತ್ರ ಕೂತಿರುವುದು ಒಂದು ದೊಡ್ಡ ಗುಳ್ಳೆಯ ಒಳಗೆ. ಬಿಸಿಯಾದ ಎಳೆಯ ನಕ್ಷತ್ರಗಳು ಸುತ್ತಲಿನ ಅನಿಲವನ್ನು ಹೊರಕ್ಕೆ ತಳ್ಳಿ ಮಾಡುವ ಗುಳ್ಳೆ ಅದು. ನಮ್ಮ ಗ್ಯಾಲಕ್ಸಿಯ ತಟ್ಟೆಯಲ್ಲಿ ಇಂಥವು ಸಾವಿರಾರು ಇವೆ.

ಮೊದಲು ಜಾಗ ಮತ್ತು ಸಮಯ

ಮೈಸೂರು ನಗರದ ಬೆಳಕಿನಿಂದ ದೂರ ಹೋಗಿ. ಮೇಲುಕೋಟೆ ಕಡೆಯ ಬಯಲು, ಪಾಂಡವಪುರದ ಗದ್ದೆ ಬದು, ಕೆಆರ್‌ಎಸ್ ಹಿನ್ನೀರಿನ ದಂಡೆ, ಯಾವುದಾದರೂ ಆಗುತ್ತದೆ. ಜನವರಿ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಗೆ ಮೃಗಶಿರಾ ಹೆಚ್ಚುಕಡಿಮೆ ನಮ್ಮ ನೆತ್ತಿಯ ಮೇಲೇ ಇರುತ್ತದೆ. ಮೈಸೂರಿನವರಿಗೆ ಇದೊಂದು ಅದೃಷ್ಟ. ನೆತ್ತಿಯ ಮೇಲೆ ಗಾಳಿಯ ಪದರ ತೆಳು, ಆಕಾಶ ಶುಭ್ರ. ಚಾಪೆ ಹಾಸಿ ಮಲಗಿಕೊಂಡೇ ನೋಡಿ, ಕುತ್ತಿಗೆ ನೋಯುವುದಿಲ್ಲ.

ಹುಡುಕುವುದು ಸುಲಭ. ಸಾಲಾಗಿ ನಿಂತ ಮೂರು ನಕ್ಷತ್ರ ಎಲ್ಲರಿಗೂ ಗೊತ್ತು, ಅದು ಬೇಟೆಗಾರ ಓರಿಯನ್‌ನ ಸೊಂಟಪಟ್ಟಿ. ಅದರ ಉತ್ತರಕ್ಕೆ ಕೆಂಪಗೆ ಹೊಳೆಯುವುದು ಆರಿದ್ರಾ. ಆರಿದ್ರಾ ಒಂದು ಭುಜ, ಇನ್ನೊಂದು ಭುಜದಲ್ಲಿ ಬೆಳ್ಳಗಿನ ನಕ್ಷತ್ರ. ಎರಡೂ ಭುಜಗಳ ನಡುವೆ, ಇನ್ನೂ ಸ್ವಲ್ಪ ಉತ್ತರಕ್ಕೆ, ಮೂರು ಮಂಕು ಚುಕ್ಕಿಗಳ ಪುಟ್ಟ ಗುಂಪು. ಅವುಗಳಲ್ಲಿ ಪ್ರಕಾಶ ಜಾಸ್ತಿ ಇರುವುದನ್ನು ವಿಜ್ಞಾನಿಗಳು ಲ್ಯಾಂಬ್ಡಾ ಓರಿಯನಿಸ್ ಅನ್ನುತ್ತಾರೆ. ಅದೇ ನಮ್ಮ ನಕ್ಷತ್ರ.

ಈಗ ಮುಷ್ಟಿ ಹಿಡಿಯಿರಿ

ಕೈ ಪೂರ್ತಿ ಚಾಚಿ ಮುಷ್ಟಿಯನ್ನು ಆ ನಕ್ಷತ್ರದ ಮೇಲೆ ಇಡಿ. ಚಾಚಿದ ಕೈಯ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿ ಮುಚ್ಚುತ್ತದೆ. ಗುಳ್ಳೆಯ ಅಗಲವೂ ಹತ್ತಿರ ಹತ್ತಿರ ಅಷ್ಟೇ. ಅಂದರೆ 20 ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು! ದೂರ ಸುಮಾರು 1,300 ಜ್ಯೋತಿರ್ವರ್ಷ. ಆದ್ದರಿಂದ ನಿಜವಾದ ಅಗಲ 200 ಜ್ಯೋತಿರ್ವರ್ಷದ ಆಸುಪಾಸು ಬರುತ್ತದೆ. ಮುಷ್ಟಿಯ ಅಂಚು ಆರಿದ್ರಾದ ಹತ್ತಿರ ಬಂದರೂ ಅದು ಈ ಗುಳ್ಳೆಗೆ ಸೇರಿದ್ದಲ್ಲ. ಅದು ನಮಗೆ ಇನ್ನೂ ಹತ್ತಿರದಲ್ಲಿದೆ.

ಗುಳ್ಳೆಯ ಗೋಡೆ ಕಣ್ಣಿಗೆ ಕಾಣುವುದಿಲ್ಲ. ಬೆಳಕು ಅಷ್ಟು ಮಂಕು. ಆದರೆ ಬೈನಾಕ್ಯುಲರ್ ಇದ್ದರೆ ಸೊಂಟಪಟ್ಟಿಯ ದಕ್ಷಿಣಕ್ಕೆ, ಕತ್ತಿಯ ಜಾಗದಲ್ಲಿ ನೋಡಿ. ಅಲ್ಲಿ ಹೊಗೆಯಂತೆ ಕಾಣುವುದು ಓರಿಯನ್ ನೆಬ್ಯುಲಾ, ಅಂದರೆ ಅನಿಲ ಮತ್ತು ದೂಳಿನ ಮೋಡ. ಅದರ ನಡುವಿನ ಥೀಟಾ ಒನ್ ಸಿ ಎಂಬ ನಕ್ಷತ್ರವೂ ಒಂದು ಗುಳ್ಳೆ ಊದುತ್ತಿದೆ. ವಿಮಾನದಲ್ಲಿ ಹಾರುತ್ತಿದ್ದ ಸೋಫಿಯಾ ದೂರದರ್ಶಕ ಆ ಗುಳ್ಳೆಯ ಗೋಡೆಯ ವೇಗ ಅಳೆಯಿತು: ಸೆಕೆಂಡಿಗೆ 13 ಕಿಲೋಮೀಟರ್. ಈ ಫಲಿತಾಂಶ 2019ರಲ್ಲಿ ಪ್ರಕಟವಾಯಿತು.

ಊದುವುದು ಹೇಗೆ?

ಲ್ಯಾಂಬ್ಡಾ ಓರಿಯನಿಸ್ ಮೇಲ್ಮೈಯ ಬಿಸಿ 30,000 ಡಿಗ್ರಿಗೂ ಜಾಸ್ತಿ. ಸೂರ್ಯನದು ಸುಮಾರು 5,500 ಅಷ್ಟೇ. ಇಷ್ಟು ಬಿಸಿಯಾದ ನಕ್ಷತ್ರ ನೇರಳಾತೀತ ಬೆಳಕನ್ನು ಸುರಿಸುತ್ತದೆ. ಆ ಬೆಳಕು ಸುತ್ತಲಿನ ಹೈಡ್ರೋಜನ್ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತು, ಅನಿಲವನ್ನು ಸುಮಾರು 10,000 ಡಿಗ್ರಿಗೆ ಕಾಯಿಸುತ್ತದೆ. ಆಚೆಗಿನ ಅನಿಲ ಕೊರೆಯುವಷ್ಟು ತಣ್ಣಗೆ ಇರುತ್ತದೆ. ಬಿಸಿ ಅನಿಲದ ಒತ್ತಡ ಜಾಸ್ತಿ, ಅದು ಹಿಗ್ಗಿ ತಣ್ಣನೆಯದನ್ನು ಹೊರಕ್ಕೆ ತಳ್ಳುತ್ತದೆ. ಇದರ ಜೊತೆಗೆ ಇಂಥ ನಕ್ಷತ್ರಗಳ ಮೇಲ್ಮೈಯಿಂದ ಸೆಕೆಂಡಿಗೆ ಸುಮಾರು 2,000 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿರುತ್ತದೆ. ತಳ್ಳಿಸಿಕೊಂಡದ್ದೆಲ್ಲ ಅಂಚಿನಲ್ಲಿ ಒಟ್ಟುಗೂಡಿ ಗೋಡೆಯಾಗುತ್ತದೆ. ಮೃಗಶಿರಾದ ವಿಷಯದಲ್ಲಿ, ಸುಮಾರು 10 ಲಕ್ಷ ವರ್ಷಗಳ ಹಿಂದೆ ಜೊತೆಗಿದ್ದ ಒಂದು ನಕ್ಷತ್ರ ಸಿಡಿದು ಈ ಗುಳ್ಳೆಗೆ ಇನ್ನಷ್ಟು ಬಲ ಕೊಟ್ಟಿತು ಎಂಬ ವಾದವೂ ಇದೆ.

ಇನ್ನು ಕಂಪ್ಯೂಟರ್ ಮುಂದೆ

ಗುಳ್ಳೆಗಳು ಚೆನ್ನಾಗಿ ಕಾಣುವುದು ಇನ್‌ಫ್ರಾರೆಡ್‌ನಲ್ಲಿ, ಅಂದರೆ ಕೆಂಪಿನ ಆಚೆಗಿನ, ಕಣ್ಣಿಗೆ ಕಾಣದ ಬೆಳಕಿನಲ್ಲಿ. ಸ್ಪಿಟ್ಜರ್ ದೂರದರ್ಶಕ 2003ರಿಂದ 2020ರವರೆಗೆ ಬಾಹ್ಯಾಕಾಶದಲ್ಲಿ ಕೆಲಸ ಮಾಡಿತು. ಅದರ ಚಿತ್ರಗಳು ಎಲ್ಲರಿಗೂ ಉಚಿತ. ಬ್ರೌಸರ್‌ನಲ್ಲಿ ಅಲಾದಿನ್ ಲೈಟ್ ಎಂಬ ಆಕಾಶ ನಕ್ಷೆಯ ಜಾಲತಾಣ ತೆರೆದು, ಚಿತ್ರಗಳ ಪಟ್ಟಿಯಲ್ಲಿ ಸ್ಪಿಟ್ಜರ್ ಆರಿಸಿ. ಹುಡುಕುವ ಜಾಗದಲ್ಲಿ ಆರ್‌ಸಿಡಬ್ಲ್ಯೂ 120 (RCW 120) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ, ಅದು ಇನ್ನೊಂದು ಗುಳ್ಳೆಯ ಹೆಸರು. ವೃಶ್ಚಿಕದ ಬಾಲದಲ್ಲಿ, ಮೂಲಾ ನಕ್ಷತ್ರದ ಹತ್ತಿರದ ದಿಕ್ಕಿನಲ್ಲಿ ಇದು ಇದೆ. ಕಲಿಯಲು ಇದಕ್ಕಿಂತ ಒಳ್ಳೆಯ ಗುಳ್ಳೆಯನ್ನು ನಾನು ಕಂಡಿಲ್ಲ.

ಬಣ್ಣವನ್ನು ನಂಬಬೇಡಿ. ಅದು ಚಿತ್ರ ತಯಾರಿಸಿದವರ ಆಯ್ಕೆ. ಆಕಾರ ನೋಡಿ. ಹೊಳೆಯುವ ಅಂಚಿನಲ್ಲಿ ಇರುವುದು ಇಂಗಾಲ ಮತ್ತು ಹೈಡ್ರೋಜನ್ ಸೇರಿದ ದೊಡ್ಡ ಅಣುಗಳು. ನಮ್ಮ ಆಲೆಮನೆ ಚಿಮಣಿಯ ಮಸಿಯಲ್ಲಿ ಸಿಗುವುದೂ ಇದೇ ಜಾತಿಯ ಅಣುಗಳು. ಗುಳ್ಳೆಯ ಒಳಗೆ ನೇರಳಾತೀತ ಬೆಳಕು ಇವನ್ನು ಒಡೆದುಹಾಕುತ್ತದೆ. ಅಂಚಿನಲ್ಲಿ ಮಾತ್ರ ಉಳಿದು 8 ಮೈಕ್ರಾನ್ ಉದ್ದದ ಬೆಳಕಿನ ಅಲೆಯಲ್ಲಿ ಹೊಳೆಯುತ್ತವೆ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಒಳಗಿನ ಬಿಸಿ ದೂಳು 24 ಮೈಕ್ರಾನ್‌ನಲ್ಲಿ ಕಾಣುತ್ತದೆ. ಅಂಚು ಎಲ್ಲಾದರೂ ಒಡೆದಿದ್ದರೆ ಆ ಕಡೆ ಅನಿಲ ತೆಳು ಎಂದು ಅರ್ಥ.

ಆಮೇಲೆ ಅಂಚಿನ ಮೇಲಿನ ಗಂಟುಗಳನ್ನು ಹುಡುಕಿ. ಒಟ್ಟಾದ ಅನಿಲದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತವೆ. ಆರ್‌ಸಿಡಬ್ಲ್ಯೂ 120ರ ಅಂಚಿನಲ್ಲಿ ಹರ್ಷೆಲ್ ದೂರದರ್ಶಕ 2010ರಲ್ಲಿ ತೋರಿಸಿದ ಎಳೆಯ ನಕ್ಷತ್ರ ಆಗಲೇ ಸೂರ್ಯನ 8ರಿಂದ 10 ಪಟ್ಟು ತೂಗುತ್ತಿತ್ತು.

ಇದು ಬರೀ ವಿಜ್ಞಾನಿಗಳ ಕೆಲಸವಲ್ಲ. 2006ರ ಮೊದಲ ಪಟ್ಟಿಯಲ್ಲಿ ಸುಮಾರು 320 ಗುಳ್ಳೆಗಳಿದ್ದವು. ಆಮೇಲೆ 35,000ಕ್ಕೂ ಹೆಚ್ಚು ಸಾಮಾನ್ಯ ಜನ ಮನೆಯಲ್ಲೇ ಕೂತು ಸ್ಪಿಟ್ಜರ್ ಚಿತ್ರಗಳ ಮೇಲೆ ಉಂಗುರ ಎಳೆದರು. 2012ರಲ್ಲಿ ಪಟ್ಟಿ 5,106ಕ್ಕೆ ಏರಿತು. ನೀವೂ ಅಲಾದಿನ್‌ನಲ್ಲಿ ಹಾಲುಹಾದಿಯ ನಡುಗೆರೆ ಹಿಡಿದು ನಿಧಾನಕ್ಕೆ ಸರಿಸುತ್ತಾ ಹೋಗಿ. ದುಂಡಗೆ ಕಂಡದ್ದೆಲ್ಲ ಇಂಥ ಗುಳ್ಳೆ ಅಲ್ಲ. ಸಾಯುತ್ತಿರುವ ಸಣ್ಣ ನಕ್ಷತ್ರವೂ ಉಂಗುರ ಬಿಡುತ್ತದೆ, ಆದರೆ ಅದು ಪುಟ್ಟದು, ಸುತ್ತ ಮೋಡಗಳಿಗೆ ಅಂಟಿಕೊಂಡಿರುವುದಿಲ್ಲ. 8 ಮೈಕ್ರಾನ್‌ನಲ್ಲಿ ಹೊಳೆಯುವ ಅಂಚು, ಒಳಗೆ ಬಿಸಿ ದೂಳು, ಹೊರಗೆ ಒತ್ತಿ ನಿಂತ ಕಪ್ಪು ಮೋಡ, ಈ ಮೂರೂ ಸಿಕ್ಕರೆ ಗುರುತು ಹಾಕಿಕೊಳ್ಳಿ.