ಸೆಡಾನ್ ಆರಿಸುವಾಗ ಮೈಲೇಜ್ ಮತ್ತು ಹಿಂದಿನ ಸೀಟಿನ ಸುಖ: ಎರಡನ್ನೂ ತೂಗುವುದು ಹೇಗೆ

ಶೋರೂಂನಲ್ಲಿ ಎಲ್ಲರೂ ಮೊದಲು ಕೇಳುವುದು ‘ಎಷ್ಟು ಕೊಡುತ್ತೆ?’ ಅಂತ. ಸಿಗುವ ಉತ್ತರ ವಾಹನಗಳನ್ನು ಪರೀಕ್ಷಿಸುವ ಸಂಸ್ಥೆಯಾದ ಎಆರ್‌ಎಐನ ಅಂಕಿ. ಡಿಜೈರ್ ಪೆಟ್ರೋಲ್ ಎಎಂಟಿಗೆ (ಮ್ಯಾನುವಲ್ ಗೇರನ್ನೇ ತಾನಾಗಿ ಬದಲಿಸುವ ಗೇರ್‌ಬಾಕ್ಸ್) ಲೀಟರಿಗೆ 25.71 ಕಿ.ಮೀ., ಹೋಂಡಾ ಸಿಟಿ ಪೆಟ್ರೋಲ್ ಸಿವಿಟಿಗೆ (ಗೇರಿನ ಮೆಟ್ಟಿಲುಗಳಿಲ್ಲದ ಆಟೋಮ್ಯಾಟಿಕ್) 18.4 ಕಿ.ಮೀ. ಈ ಅಂಕಿಗಳು ಸುಳ್ಳಲ್ಲ. ಆದರೆ ಇವು ಲ್ಯಾಬಿನ ರೋಲರ್ ಮೇಲೆ, ಎಸಿ ಆರಿಸಿ, ನಿಗದಿಯಾದ ವೇಗದ ಪಟ್ಟಿಯಂತೆ ಓಡಿಸಿ ತೆಗೆದವು. ಆ ಪಟ್ಟಿಯಲ್ಲಿ ಕಾರು ಗಂಟೆಗೆ 90 ಕಿ.ಮೀ. ದಾಟುವುದೇ ಇಲ್ಲ, ಹಂಪು, ಗುಂಡಿ, ಸಿಲ್ಕ್ ಬೋರ್ಡ್ ಜಂಕ್ಷನ್ ಯಾವುದೂ ಅಲ್ಲಿಲ್ಲ. ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸಲು ಈ ಅಂಕಿ ಸಾಕು, ತಿಂಗಳ ಖರ್ಚು ಅಂದಾಜು ಮಾಡಲು ಸಾಲದು.

ಮೈಲೇಜನ್ನು ರೂಪಾಯಿಗೆ ಇಳಿಸಬಹುದು, ಸುಖವನ್ನು ಹಾಗೆ ಇಳಿಸಲಾಗದು. ಆದ್ದರಿಂದ ಮೊದಲು ಮೈಲೇಜಿನ ಲೆಕ್ಕ ಮುಗಿಸಿಬಿಡಿ. ತಿಂಗಳಿಗೆ ಇಷ್ಟು ರೂಪಾಯಿ ವ್ಯತ್ಯಾಸ ಎಂದು ಗೊತ್ತಾದ ಮೇಲೆ ಉಳಿಯುವ ಪ್ರಶ್ನೆ ಒಂದೇ: ಆ ಕಾರಿನಲ್ಲಿ ಸಿಗುವ ಸುಖ ಅಷ್ಟು ಬೆಲೆ ಬಾಳುತ್ತದೆಯೇ? ಅದನ್ನು ಟೆಸ್ಟ್ ಡ್ರೈವ್‌ನಲ್ಲಿ, ಹಿಂದಿನ ಸೀಟಿನಲ್ಲಿ ಕೂತು ನಿರ್ಧರಿಸಬೇಕು.

ಮೊದಲು ಲೀಟರಿನ ಲೆಕ್ಕ

ವರ್ಷಕ್ಕೆ ಎಷ್ಟು ಓಡಿಸುತ್ತೀರಿ, ಅದರಲ್ಲಿ ಊರೊಳಗೆ ಎಷ್ಟು, ಹೆದ್ದಾರಿಯಲ್ಲಿ ಎಷ್ಟು ಎಂದು ಬರೆದುಕೊಳ್ಳಿ. ಎಆರ್‌ಎಐ ಅಂಕಿಯನ್ನು ಬೆಂಗಳೂರಿನಂಥ ಟ್ರಾಫಿಕ್‌ಗೆ 0.6ರಿಂದ, ಹೆದ್ದಾರಿಗೆ 0.85ರಿಂದ ಗುಣಿಸಿದರೆ ನಿಜಕ್ಕೆ ಹತ್ತಿರದ ಅಂದಾಜು ಸಿಗುತ್ತದೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿನಂಥ ಊರಿಗೆ 0.7 ಹಿಡಿಯಬಹುದು.

ವರ್ಷಕ್ಕೆ 12,000 ಕಿ.ಮೀ., ಅದರಲ್ಲಿ 7,200 ಬೆಂಗಳೂರಿನೊಳಗೆ, 4,800 ಹೆದ್ದಾರಿಯಲ್ಲಿ ಎಂದುಕೊಳ್ಳೋಣ. ಡಿಜೈರ್ ಎಎಂಟಿ ಊರೊಳಗೆ ಸುಮಾರು 15.4, ಹೆದ್ದಾರಿಯಲ್ಲಿ 21.9 ಕೊಡುತ್ತದೆ, ಒಟ್ಟು ಬೇಕಾಗುವ ಪೆಟ್ರೋಲ್ ಸುಮಾರು 690 ಲೀಟರ್. ಸಿಟಿ ಸಿವಿಟಿ ಊರೊಳಗೆ 11, ಹೆದ್ದಾರಿಯಲ್ಲಿ 15.6, ಒಟ್ಟು ಸುಮಾರು 960 ಲೀಟರ್. ವ್ಯತ್ಯಾಸ 270 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೂ ವರ್ಷಕ್ಕೆ 27,000, ತಿಂಗಳಿಗೆ 2,250 ರೂಪಾಯಿ. ದೊಡ್ಡ ಕಾರಿನ ಮೈಲೇಜ್ ‘ಕೆಟ್ಟದ್ದು’ ಎನ್ನುವ ಮಾತಿನ ನಿಜವಾದ ತೂಕ ಇಷ್ಟು. ಕಾರಿನ ಬೆಲೆಯಲ್ಲಿರುವ ವ್ಯತ್ಯಾಸ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಅದನ್ನು ಸಾಲದ ಕಂತಿನ ಲೆಕ್ಕದಲ್ಲಿ ನೋಡಬೇಕೇ ಹೊರತು ಪೆಟ್ರೋಲ್ ಲೆಕ್ಕದಲ್ಲಿ ಕಲಸಬಾರದು.

ಲೆಕ್ಕ ಹಾಕುವಾಗ ಎರಡು ಮೈಲೇಜ್ ಅಂಕಿಗಳನ್ನು ಕೂಡಿ ಎರಡರಿಂದ ಭಾಗಿಸಬೇಡಿ. ಪ್ರತಿ ಓಟಕ್ಕೂ ಲೀಟರ್ ತೆಗೆದು, ಲೀಟರುಗಳನ್ನು ಕೂಡಿಸಿ. ಮೈಲೇಜ್ ಏರಿದಷ್ಟೂ ಮುಂದಿನ ಪ್ರತಿ ಕಿ.ಮೀ.ನ ಬೆಲೆ ಕಡಿಮೆಯಾಗುತ್ತಾ ಹೋಗುತ್ತದೆ ಎನ್ನುವುದೂ ನೆನಪಿರಲಿ. 12,000 ಕಿ.ಮೀ.ಗೆ 10 ಕೊಡುವ ಕಾರಿನ ಬದಲು 12 ಕೊಡುವ ಕಾರು ತಂದರೆ 200 ಲೀಟರ್ ಉಳಿಯುತ್ತದೆ. 20ರ ಬದಲು 24 ಕೊಡುವ ಕಾರು ತಂದರೆ ಉಳಿಯುವುದು 100 ಲೀಟರ್ ಮಾತ್ರ. ಆದ್ದರಿಂದ 22 ಕೊಡುವ ಕಾರಿಗೂ 24 ಕೊಡುವ ಕಾರಿಗೂ ನಡುವೆ ತಲೆಕೆಡಿಸಿಕೊಳ್ಳುವುದು ವ್ಯರ್ಥ. ಅಲ್ಲಿ ಸೀಟು, ಸಸ್ಪೆನ್ಷನ್ ನೋಡಿಯೇ ಆರಿಸಿ.

ಈಗ ಬಂಕ್‌ಗಳಲ್ಲಿ ಸಿಗುವುದು 20% ಎಥನಾಲ್ ಬೆರೆತ ಇ20. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಳೆಯ ವಿಮರ್ಶೆಗಳಲ್ಲಿ ಓದಿದ ಮೈಲೇಜ್ ಈಗ ಬರದಿದ್ದರೆ ಇದೂ ಒಂದು ಕಾರಣ.

ಅಂದಾಜಿಗಿಂತ ಅಳತೆ ಮೇಲು. ನೆಂಟರ ಅಥವಾ ಸಹೋದ್ಯೋಗಿಯ ಬಳಿ ನೀವು ನೋಡುತ್ತಿರುವ ಕಾರೇ, ಅದೇ ಎಂಜಿನ್ ಮತ್ತು ಗೇರ್‌ಬಾಕ್ಸ್‌ನದು ಇದ್ದರೆ ಟ್ಯಾಂಕ್‌ನಿಂದ ಟ್ಯಾಂಕ್‌ಗೆ ಅಳೆದುಕೊಡಲು ಕೇಳಿ. ಪಂಪಿನ ನಳಿಕೆ ತಾನಾಗಿ ಒಮ್ಮೆ ಕಟ್ ಆಗುವವರೆಗೆ ತುಂಬಿಸಬೇಕು, ಓಡೋಮೀಟರ್ ಬರೆದಿಡಬೇಕು, ಕನಿಷ್ಠ 300 ಕಿ.ಮೀ. ಓಡಿದ ಮೇಲೆ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಒಮ್ಮೆ ಕಟ್ ಆಗುವವರೆಗೆ ತುಂಬಿಸಬೇಕು. ಓಡಿದ ಕಿ.ಮೀ.ಯನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿದರೆ ಬರುವುದೇ ನಿಜವಾದ ಮೈಲೇಜ್. ಕಟ್ ಆದ ಮೇಲೂ ಬಾಯಿ ಮಟ್ಟಕ್ಕೆ ತುಂಬಿಸಬಾರದು. ಟ್ಯಾಂಕಿನ ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ ದ್ರವ ಪೆಟ್ರೋಲ್ ನುಗ್ಗಿದರೆ ಅದು ಹಾಳಾಗುತ್ತದೆ. ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನು ನೆಚ್ಚಬೇಡಿ, ಬಹಳ ಕಾರುಗಳಲ್ಲಿ ಅದು ಸ್ವಲ್ಪ ಹೆಚ್ಚೇ ತೋರಿಸುತ್ತದೆ.

ಡೀಸೆಲ್ ಈ ಲೆಕ್ಕದಿಂದ ಬಹುತೇಕ ಹೊರಬಿದ್ದಿದೆ: ಸಿಟಿ, ವರ್ನಾ ಎರಡರಲ್ಲೂ 2023ಕ್ಕೆ ಡೀಸೆಲ್ ನಿಂತಿತು. ಸಿಎನ್‌ಜಿ ಬೇಕೆನ್ನುವವರು ಡಿಕ್ಕಿಯಲ್ಲಿ ಸಿಲಿಂಡರ್ ತಿನ್ನುವ ಜಾಗವನ್ನು, ತಮ್ಮ ದಿನದ ದಾರಿಯಲ್ಲಿ ಸಿಎನ್‌ಜಿ ಬಂಕ್ ಇದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಲಿ. ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಮಾತ್ರ ಬೇರೆ ಬಗೆ. 2022ರಲ್ಲಿ ಬಂದ ಸಿಟಿ ಇಎಚ್‌ಇವಿ ನಿಂತು ನಿಂತು ಸಾಗುವ ಟ್ರಾಫಿಕ್‌ನಲ್ಲಿ ಹೆಚ್ಚಾಗಿ ಮೋಟಾರಿನ ಮೇಲೆಯೇ ಓಡುತ್ತದೆ, ಬ್ರೇಕ್ ಹಿಡಿದಾಗ ಬ್ಯಾಟರಿ ತುಂಬಿಕೊಳ್ಳುತ್ತದೆ, ಆದ್ದರಿಂದ 0.6ರ ಗುಣಾಕಾರ ಇದಕ್ಕೆ ಅನ್ವಯಿಸುವುದಿಲ್ಲ. ಸರಾಸರಿ 20 ಹಿಡಿದರೆ 12,000 ಕಿ.ಮೀ.ಗೆ 600 ಲೀಟರ್, ಅಂದರೆ ಪೆಟ್ರೋಲ್ ಸಿಟಿಗಿಂತ ವರ್ಷಕ್ಕೆ ಸುಮಾರು 36,000 ರೂಪಾಯಿ ಉಳಿತಾಯ. ಬೆಲೆಯಲ್ಲಿ 3 ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ವಾಪಸ್ ಬರಲು ಎಂಟು ವರ್ಷದ ಮೇಲೆ ಬೇಕು. ವರ್ಷಕ್ಕೆ 30,000 ಕಿ.ಮೀ. ಓಡಿಸುವವರಿಗೆ ಮೂರೂವರೆ ವರ್ಷದೊಳಗೆ ಬರುತ್ತದೆ. ಬ್ಯಾಟರಿಗೆ ಜಾಗ ಕೊಟ್ಟು ಡಿಕ್ಕಿ 506 ಲೀಟರಿನಿಂದ 306 ಲೀಟರಿಗೆ ಇಳಿದಿದೆ. ಮದುವೆ ಮನೆಗೆ ಐದು ಜನ ಸೂಟ್‌ಕೇಸ್ ಸಮೇತ ಹೋಗುವ ಕುಟುಂಬಕ್ಕೆ ಇದು ಸಣ್ಣ ವಿಷಯವಲ್ಲ.

ಸುಖದ ಬಹುಪಾಲು ಟೈರಿನಲ್ಲಿದೆ

ಸಸ್ಪೆನ್ಷನ್ ಬಗ್ಗೆ ಕ್ಯಾಟಲಾಗ್ ನೋಡಿ ತಿಳಿಯುವುದು ಏನೂ ಇಲ್ಲ. ಈ ಬೆಲೆಯ ಸೆಡಾನ್‌ಗಳೆಲ್ಲದರಲ್ಲೂ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಟಾರ್ಶನ್ ಬೀಮ್. ವ್ಯತ್ಯಾಸವಿರುವುದು ಸ್ಪ್ರಿಂಗಿನ ಬಿಗಿ, ಶಾಕ್ ಅಬ್ಸಾರ್ಬರ್, ರಬ್ಬರ್ ಬುಷ್‌ಗಳಲ್ಲಿ. ಅದನ್ನು ಯಾರೂ ಬರೆದು ಕೊಡುವುದಿಲ್ಲ. ಬರೆದು ಕೊಟ್ಟಿರುವುದು ಟೈರಿನ ಅಳತೆ, ಅದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು.

185/55 ಆರ್16 ಎಂದರೆ ಟೈರಿನ ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ 55%, ರಿಮ್ 16 ಇಂಚು. ಗೋಡೆ 102 ಮಿ.ಮೀ. ಆಯಿತು. 185/65 ಆರ್15ರಲ್ಲಿ ಗೋಡೆ 120 ಮಿ.ಮೀ. ಡಿಜೈರಿನ ಕೆಳಗಿನ ವೇರಿಯಂಟ್‌ಗಳಲ್ಲಿರುವ 165/80 ಆರ್14ರಲ್ಲಿ 132 ಮಿ.ಮೀ. ಗುಂಡಿಯ ಚೂಪು ಅಂಚು ಬಡಿದಾಗ ಮೊದಲು ಬಗ್ಗುವುದು ಈ ಗೋಡೆ. ಅದು ಗಿಡ್ಡವಾದಷ್ಟೂ ಪೆಟ್ಟು ನೇರ ಬೆನ್ನಿಗೆ ಬರುತ್ತದೆ, ರಿಮ್ ಸೊಟ್ಟಗಾಗುವ, ಗೋಡೆ ಉಬ್ಬಿ ಟೈರ್ ಎಸೆಯಬೇಕಾಗುವ ಸಂಭವವೂ ಹೆಚ್ಚು. ಅದರ ಮೇಲೆ ದೊಡ್ಡ ರಿಮ್, ಅಗಲದ ಟೈರ್ ಭಾರವೂ ಹೌದು, ಸಾಮಾನ್ಯವಾಗಿ ಪೆಟ್ರೋಲನ್ನೂ ಸ್ವಲ್ಪ ಹೆಚ್ಚು ಕುಡಿಯುತ್ತವೆ. ಅಂದರೆ ಇಲ್ಲಿ ಮೈಲೇಜಿಗೂ ಸುಖಕ್ಕೂ ಜಗಳವೇ ಇಲ್ಲ. ಒಂದೇ ಕಾರಿನಲ್ಲಿ 15 ಇಂಚಿನ ವೇರಿಯಂಟ್ ಮತ್ತು 16 ಇಂಚಿನ ವೇರಿಯಂಟ್ ಎರಡೂ ಇದ್ದು, ನಿಮ್ಮ ಓಡಾಟ ಹೆಚ್ಚಾಗಿ ಊರೊಳಗೆ ಮತ್ತು ಹಳ್ಳಿ ರಸ್ತೆಯಲ್ಲಾದರೆ 15 ಇಂಚಿನದೇ ಸರಿ. ಸನ್‌ರೂಫ್‌ಗಾಗಿ ಮೇಲಿನ ವೇರಿಯಂಟ್‌ಗೆ ಹೋಗುವವರು ಜೊತೆಗೆ ಗಟ್ಟಿ ಸವಾರಿಯನ್ನೂ ದುಡ್ಡು ಕೊಟ್ಟು ತರುತ್ತಿರುತ್ತಾರೆ ಎನ್ನುವುದು ಬೇಸರದ ಸಂಗತಿ, ಯಾಕೆಂದರೆ ಮಾರುವವರು ಇದನ್ನು ಹೇಳುವುದಿಲ್ಲ.

ಟೆಸ್ಟ್ ಡ್ರೈವ್

ನೀವು ಕೊಳ್ಳುವ ವೇರಿಯಂಟ್‌ನ ರಿಮ್ ಅಳತೆಯ ಕಾರೇ ಬೇಕೆಂದು ಮೊದಲೇ ಹೇಳಿ. ಹೊರಡುವ ಮುಂಚೆ ಡ್ರೈವರ್ ಬಾಗಿಲು ತೆರೆದು, ಕಂಬದ ಮೇಲಿನ ಚೀಟಿಯಲ್ಲಿ ಗಾಳಿ ಎಷ್ಟಿರಬೇಕೆಂದು ನೋಡಿ, ನಾಲ್ಕೂ ಟೈರಿನ ಗಾಳಿ ಅಳೆಸಿ. ಯಾರ್ಡ್‌ನಲ್ಲಿ ತಿಂಗಳುಗಟ್ಟಲೆ ನಿಲ್ಲುವ ಕಾರುಗಳಿಗೆ ಟೈರ್ ಚಪ್ಪಟೆಯಾಗದಿರಲೆಂದು 40 ಪಿಎಸ್‌ಐ ಮೇಲೆ ಹೊಡೆದಿರುವುದುಂಟು. 33 ಇರಬೇಕಾದಲ್ಲಿ 42 ಇದ್ದರೆ ಒಳ್ಳೆಯ ಕಾರೂ ಕಲ್ಲಿನಂತೆ ಕುಟ್ಟುತ್ತದೆ, ನೀವು ಅದನ್ನು ತಪ್ಪಾಗಿ ತಳ್ಳಿಹಾಕುತ್ತೀರಿ. ಗಾಳಿ ಸರಿ ಮಾಡಿಸಿಯೇ ಹೊರಡಿ.

ಒಬ್ಬರೇ ಹೋಗಬೇಡಿ. ಹಿಂದೆ ಮೂರು ಜನ ಕೂರಬೇಕು, ಅದರಲ್ಲಿ ಒಬ್ಬರು ಮನೆಯ ಹಿರಿಯರಾಗಿರಲಿ. ಅರ್ಧ ದಾರಿಯಲ್ಲಿ ಸ್ಟೇರಿಂಗ್ ಬೇರೆಯವರಿಗೆ ಕೊಟ್ಟು ನೀವೇ ಹಿಂದಕ್ಕೆ ಹೋಗಿ, ಮಧ್ಯದಲ್ಲಲ್ಲ, ಹಿಂಚಕ್ರದ ಮೇಲೆ ಬರುವ ಮೂಲೆಯಲ್ಲಿ ಕೂರಿ. ಮುಂದಿನ ಸೀಟು ಮುಂಚಕ್ರ, ಹಿಂಚಕ್ರಗಳ ನಡುವೆ ಇರುವುದರಿಂದ ಅಲ್ಲಿ ಎಲ್ಲ ಕಾರೂ ಮೆತ್ತಗೇ ಅನ್ನಿಸುತ್ತದೆ.

ಹಂಪನ್ನು 20ರ ವೇಗದಲ್ಲಿ ದಾಟಿಸಿ. ಹಿಂಚಕ್ರ ಇಳಿದ ಮೇಲೆ ಕಾರು ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎಣಿಸಿ. ಒಮ್ಮೆ ತಗ್ಗಿ ಎದ್ದು ನಿಂತರೆ ಶಾಕ್ ಅಬ್ಸಾರ್ಬರ್ ಸರಿಯಾಗಿದೆ. ಎರಡು ಮೂರು ಸಲ ತೂಗಿದರೆ ಸ್ಪ್ರಿಂಗ್ ಮೆತ್ತಗಿದೆ, ಹಿಡಿತ ಸಾಲದು. ಚಾರ್ಮಾಡಿಯ ತಿರುವುಗಳಲ್ಲಿ ಹಿಂದೆ ಕೂತವರಿಗೆ ವಾಂತಿ ಬರಿಸುವುದು ಇಂಥ ಕಾರೇ. ತಗ್ಗದೇ ‘ದಡ್’ ಎಂದು ಒಮ್ಮೆ ಎತ್ತಿಹಾಕಿದರೆ ವಿಪರೀತ ಬಿಗಿ. ಮೂವರು ಹಿಂದೆ ಕೂತಿದ್ದಾಗ ತಳ ತಾಗಿತೇ ಎಂದೂ ಇದೇ ಹೊತ್ತಿನಲ್ಲಿ ಗೊತ್ತಾಗುತ್ತದೆ. ಗ್ರೌಂಡ್ ಕ್ಲಿಯರೆನ್ಸ್ ಅಂಕಿಯನ್ನು ಖಾಲಿ ಕಾರಿನಲ್ಲಿ ಅಳೆದದ್ದೋ ತುಂಬಿದ ಕಾರಿನಲ್ಲೋ ಎಂದು ಕೇಳಿಕೊಳ್ಳಿ.

ಆಮೇಲೆ ತೇಪೆ ಹಾಕಿದ ರಸ್ತೆಯಲ್ಲಿ 40ರ ವೇಗ. ದೊಡ್ಡ ಹಂಪಿಗಿಂತ ಮೈ ನೋಯಿಸುವುದು ಈ ಸಣ್ಣ, ಬಿಡದ ಕಂಪನ. ಕೂತ ಮನುಷ್ಯನ ದೇಹ ಸೆಕೆಂಡಿಗೆ 4ರಿಂದ 8 ಸಲದ ಮೇಲ್ಕೆಳಗಿನ ಅಲುಗಾಟವನ್ನು ಸಹಿಸುವುದು ಅತಿ ಕಡಿಮೆ. ಸೆಕೆಂಡಿಗೆ ಒಂದು, ಒಂದೂವರೆ ಸಲದ ನಿಧಾನದ ತೂಗಾಟ ಅಷ್ಟಾಗಿ ಕಾಡುವುದಿಲ್ಲ. ಪರೀಕ್ಷೆ ಸುಲಭ: ಹಿಂದೆ ಕೂತು ಮೊಬೈಲಿನಲ್ಲಿ ಒಂದು ಸಂದೇಶ ಟೈಪ್ ಮಾಡಿ. ಅಕ್ಷರ ತಪ್ಪಿ ತಪ್ಪಿ ಬೀಳುತ್ತಿದ್ದರೆ ಎರಡು ಗಂಟೆಯ ಪ್ರಯಾಣದಲ್ಲಿ ಸೊಂಟದ ಗತಿ ಏನೆಂದು ಊಹಿಸಬಹುದು.

ಕೊನೆಗೆ ಫ್ಲೈಓವರ್ ಹತ್ತಿ 60ರಿಂದ 80ರಲ್ಲಿ ಜಾಯಿಂಟ್‌ಗಳ ಮೇಲೆ ಓಡಿಸಿ. ಸದ್ದು ಮಾತ್ರ ಕೇಳಿಸಿದರೆ ಒಳ್ಳೆಯದು, ಸದ್ದಿನ ಜೊತೆ ಸ್ಟೇರಿಂಗ್ ಅದುರಿದರೆ ಅಲ್ಲ. ಊರೊಳಗೆ ಸ್ವಲ್ಪ ಗಟ್ಟಿ ಎನ್ನಿಸಿದ ವರ್ಟಸ್, ಸ್ಲಾವಿಯಾದಂಥ ಕಾರುಗಳು ಈ ವೇಗದಲ್ಲಿ ನೆಲ ಕಚ್ಚಿ ನಿಲ್ಲುತ್ತವೆ. ಊರೊಳಗೆ ಹಿತವಾಗಿದ್ದ ಕೆಲವು ಕಾರುಗಳು ತೇಲತೊಡಗುತ್ತವೆ. ವಾರವಾರ ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಓಡಾಡುವವರು ಈ ಕೊನೆಯ ಭಾಗಕ್ಕೆ ಹೆಚ್ಚು ಅಂಕ ಕೊಡಬೇಕು, ದಿನಾ ಮಾರತ್‌ಹಳ್ಳಿಗೆ ಹೋಗುವವರು ಹಂಪಿಗೂ ತೇಪೆಗೂ.

ಗೇರ್‌ಬಾಕ್ಸ್ ಕೂಡ ಸುಖದ ಭಾಗವೇ. ಎಎಂಟಿ ಮೈಲೇಜಿನಲ್ಲಿ ಮ್ಯಾನುವಲ್‌ಗೆ ಸಮ ಅಥವಾ ಮೇಲು, ಆದರೆ ಗೇರ್ ಬದಲಾಗುವಾಗ ಎಳೆತ ಒಂದು ಕ್ಷಣ ನಿಂತು ಎಲ್ಲರ ತಲೆಯೂ ಮುಂದಕ್ಕೆ ತೂಗುತ್ತದೆ. ಬೇಸ್‌ಮೆಂಟ್ ಪಾರ್ಕಿಂಗಿನ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ. ಸಿವಿಟಿ ಟ್ರಾಫಿಕ್‌ನಲ್ಲಿ ಅತಿ ನುಣುಪು. ಘಾಟಿ ಏರುವಾಗ ಮಾತ್ರ ಎಂಜಿನ್ ಕೂಗಾಟ ಜಾಸ್ತಿ. ಮೂರು ಸಿಲಿಂಡರ್ ಎಂಜಿನ್ನುಗಳು ಸಿಗ್ನಲ್‌ನಲ್ಲಿ ನಿಂತಾಗ ಎಸಿ ಹಾಕಿದರೆ ಸೀಟಿಗೆ ನಡುಕ ಬರುತ್ತದೆಯೇ ಎಂದು ಎರಡು ನಿಮಿಷ ಸುಮ್ಮನೆ ಕೂತು ಗಮನಿಸಿ.

ಹಿರಿಯರು ಹತ್ತಿ ಇಳಿಯುವುದನ್ನು ನೋಡಿ. ಸೆಡಾನಿನ ಹಿಂದಿನ ಸೀಟು ತಗ್ಗು, ಸೂರು ಇಳಿಜಾರು. ಮಂಡಿ ನೋವಿರುವವರಿಗೆ ಇಳಿಯುವಾಗ ಬಾಗಿಲ ಕಂಬ ಹಿಡಿದು ಎಳೆದುಕೊಳ್ಳಬೇಕಾಗಿ ಬಂದರೆ ಆ ಕಾರು ಎಷ್ಟು ಮೆತ್ತಗಿದ್ದರೂ ಅವರಿಗಲ್ಲ. ಕೂತಾಗ ಸೀಟಿನ ಅಂಚಿಗೂ ಮಂಡಿಯ ಒಳಬಾಗಿಗೂ ನಾಲ್ಕು ಬೆರಳಿಗಿಂತ ಹೆಚ್ಚು ಅಂತರ ಉಳಿದರೆ ತೊಡೆಗೆ ಆಧಾರ ಸಾಲದು, ಹಾಸನ ತಲುಪುವ ಹೊತ್ತಿಗೆ ಕಾಲು ಜೋಮು ಹಿಡಿದಿರುತ್ತದೆ.

ತೂಗುವುದು

ಈಗ ಮನೆಯವರ ಮುಂದೆ ಎರಡು ವಿಷಯ ಇಡಿ: ತಿಂಗಳಿಗೆ ಪೆಟ್ರೋಲಿನ ವ್ಯತ್ಯಾಸ ಇಷ್ಟು, ಹಿಂದೆ ಕೂತವರು ಹೇಳಿದ್ದು ಇದು. ಶೇಕಡ 80ರಷ್ಟು ದಿನ ಒಬ್ಬರೇ ಓಡಿಸುವ, ವರ್ಷಕ್ಕೆ 20,000 ಕಿ.ಮೀ. ದಾಟುವ ಮನೆಗೆ ಡಿಜೈರ್, ಅಮೇಜ್‌ನಂಥ ಹಗುರ ಕಾರೇ ನ್ಯಾಯ. ವರ್ಷಕ್ಕೆ 8,000 ಓಡಿಸುವ, ಬೆನ್ನು ನೋವಿನ ತಂದೆ ತಾಯಿಯನ್ನು ತಿಂಗಳಿಗೊಮ್ಮೆ ಊರಿಗೆ ಕರೆದೊಯ್ಯುವ ಮನೆಯಲ್ಲಿ ಮೈಲೇಜ್ ನೋಡಿ ಕಾರು ಆರಿಸಿದರೆ ಉಳಿಯುವುದು ತಿಂಗಳಿಗೆ ಸುಮಾರು 1,500 ರೂಪಾಯಿ. ಅಷ್ಟಕ್ಕಾಗಿ ಅವರನ್ನು ಕುಲುಕಿಸಬಾರದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಕೊಂಡ ಮೇಲೆ ಇವೆರಡನ್ನೂ ಒಟ್ಟಿಗೆ ಕೆಡಿಸುವ ಕೆಲಸ ಅಂಗಡಿಯಲ್ಲಿ 17 ಇಂಚಿನ ಅಲಾಯ್ ಹಾಕಿಸುವುದು. ಟೈರ್ ಸವೆದಾಗಲೂ ಮೊದಲಿನ ಅಳತೆಯನ್ನೇ ಹಾಕಿಸಿ. ಎರಡು ವಾರಕ್ಕೊಮ್ಮೆ, ಟೈರ್ ತಣ್ಣಗಿದ್ದಾಗ ಗಾಳಿ ಅಳೆಸಿ. ಮೈಲೇಜ್ ಬರಲೆಂದು ಚೀಟಿಗಿಂತ ಹೆಚ್ಚು ಹೊಡೆಸಿದರೆ ಮಧ್ಯದ ಪಟ್ಟಿ ಬೇಗ ಸವೆಯುತ್ತದೆ, ಮಳೆಯಲ್ಲಿ ಬ್ರೇಕ್ ಹಿಡಿತ ಕುಗ್ಗುತ್ತದೆ. ಐದು ಜನ ಲಗೇಜ್ ಸಮೇತ ದೂರ ಹೊರಟಾಗ ಹಿಂದಿನ ಟೈರಿಗೆ ಅದೇ ಚೀಟಿಯಲ್ಲಿ ಬೇರೆ ಅಂಕಿ ಇದ್ದರೆ ಅಷ್ಟು ಹೊಡೆಸಿ, ವಾಪಸ್ ಬಂದ ಮೇಲೆ ಇಳಿಸಿ.